ವಿಶ್ವಕೋಶದಲ್ಲಿ ಸ್ಥಾನಾರ್ಹತೆ : ವಿದ್ಯಾರ್ಥಿಗಳ ಕ್ರೈಸ್ತ ಸೇವಾಮಂಡಲಿಗಳನ್ನು ಕುರಿತು ಒಂದು ವಿಚಾರ

ವಿಶ್ವಕೋಶವೆಂಬುದು ಲೋಕದಲ್ಲಿರುವ ಸಕಲ ವಸ್ತುಗಳ ಪಟ್ಟಿಯಲ್ಲ. ಅರಿಯತಕ್ಕ ವಿಷಯಗಳ ಸಂಗ್ರಹವು. ಇರುವುದೆಲ್ಲವೂ ಅರಿಯತಕ್ಕದ್ದಾಗದು, ಅರಿಯತಕ್ಕದ್ದೆಲ್ಲವೂ ಸುಲಭವಾಗಿ ದೊರೆಯುವುದೂ ಇಲ್ಲ. ಆದಕಾರಣ ಕೋಶಕಾರನಾದವನು ಮೊದಲು ಮಾಡಬೇಕಾದ ಕೆಲಸವು ಬರೆವಣಿಗೆಯಲ್ಲ, ಆಯ್ಕೆ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಈ ವಿವೇಚನೆಯು ದೊಡ್ಡ ವಿಷಯಗಳಲ್ಲಿ ಕಷ್ಟವಾಗಿ ತೋರುವುದಿಲ್ಲ. ಗಂಗಾನದಿಯನ್ನಾಗಲಿ ಅಶೋಕ ಚಕ್ರವರ್ತಿಯನ್ನಾಗಲಿ ಬಿಡಬಹುದೆಂದು ಹೇಳುವವರು ಯಾರೂ ಇಲ್ಲ. ಕಷ್ಟವು ತೋರುವುದು ಅಂಚಿನಲ್ಲಿರುವ ಸಣ್ಣ ವಿಷಯಗಳಲ್ಲಿ. ಕೋಶದ ನಿಯಮವು ಗಟ್ಟಿಯೋ ಜಳ್ಳೋ ಎಂಬುದು ಅಲ್ಲಿಯೇ ಗೊತ್ತಾಗುವುದು.

ಅಂತಹ ವಿಷಯಗಳಲ್ಲಿ ಒಂದನ್ನು ಇಲ್ಲಿ ಪರಿಶೀಲಿಸಲಾಗುವುದು. ಒಂದು ವಿಶ್ವವಿದ್ಯಾನಿಲಯದ ಆವರಣದಲ್ಲಿ ವಿದ್ಯಾರ್ಥಿಗಳೇ ಕೂಡಿ, ವಿದ್ಯಾರ್ಥಿಗಳೇ ಮುಖಂಡರಾಗಿ ನಡೆಸುವ ಕ್ರೈಸ್ತ ಸೇವಾಮಂಡಲಿಗೆ ಅಂತರಜಾಲದ ವಿಶ್ವಕೋಶದಲ್ಲಿ ಪ್ರತ್ಯೇಕವಾದ ಲೇಖನವಿರತಕ್ಕದ್ದೋ ಇಲ್ಲವೋ ಎಂಬುದೇ ಆ ಪ್ರಶ್ನೆ. ಮೇಲ್ನೋಟಕ್ಕೆ ಇದು ಅಲ್ಪವಾದುದು. ಇದ್ದರೆ ಯಾರಿಗೆ ನಷ್ಟ, ಇಲ್ಲದಿದ್ದರೆ ಯಾರಿಗೆ ಕೊರತೆ ಎನ್ನಬಹುದು. ಆದರೆ ಚರಿತ್ರೆಗೆ ಸಾಕ್ಷ್ಯವು ಯಾವುದು, ತನ್ನ ವಿಷಯದಲ್ಲಿ ತಾನು ಹೇಳಿಕೊಂಡ ಮಾತಿಗೆ ಎಷ್ಟು ಬೆಲೆ, ಶ್ರದ್ಧೆಗೂ ಪ್ರಸಿದ್ಧಿಗೂ ಇರುವ ಸಂಬಂಧವೇನು ಎಂಬ ದೊಡ್ಡ ಪ್ರಶ್ನೆಗಳು ಇದರೊಳಗೆ ಅಡಗಿರುವುವು. ಸಾಹಿತ್ಯಚರಿತ್ರೆಯನ್ನು ಬೋಧಿಸುವವರಿಗೂ ಬರೆಯುವವರಿಗೂ ಈ ಪ್ರಶ್ನೆಗಳು ಹೊಸವಲ್ಲ.

೧. ಕೋಶಗಳೂ ಆಯ್ಕೆಯೂ

ಸರ್ವವಿಷಯ ಸಂಗ್ರಹವೆಂಬ ಭಾವನೆಯು ಕನ್ನಡ ನಾಡಿಗೆ ಪುರಾತನವಾದುದು. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿತವಾಯಿತು. ಅದರಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದಕ್ಕಿಂತ ಹಿಂದಿನ ಚಾವುಂಡರಾಯನ ‘ಲೋಕೋಪಕಾರ’ವೂ, ಮುಂದಿನ ನಿಜಗುಣಶಿವಯೋಗಿಯ ‘ವಿವೇಕಚಿಂತಾಮಣಿ’ಯೂ ಕನ್ನಡದಲ್ಲಿಯೇ ಇಂತಹ ಕಾರ್ಯವನ್ನು ಮಾಡಿದುವು. ಈ ಗ್ರಂಥಗಳಲ್ಲಿ ಆಯ್ಕೆಯು ಗ್ರಂಥಕರ್ತನೊಬ್ಬನ ವಿವೇಕಕ್ಕೆ ಸೇರಿದ್ದಿತು. ರಾಜನಾದವನು ರಾಜನಿಗೆ ಬೇಕಾದುದನ್ನೂ, ಶಿವಯೋಗಿಯು ಸಾಧಕನಿಗೆ ಬೇಕಾದುದನ್ನೂ ಆಯ್ದುಕೊಂಡರು.

ಯೂರೋಪಿನಲ್ಲಿ ದಿದರೋ ಮತ್ತು ದಾಲಂಬೇರರ ಮಹಾಕೋಶವು ೧೭೫೧ರಿಂದ ೧೭೭೨ರ ವರೆಗೆ ಹೊರಬಂದಿತು. ಅದರಲ್ಲಿ ೧೭ ಸಂಪುಟಗಳು ಲೇಖನಗಳಿಂದಲೂ ೧೧ ಸಂಪುಟಗಳು ಚಿತ್ರಫಲಕಗಳಿಂದಲೂ ತುಂಬಿದುವು. ಎಡಿನ್‌ಬರೋ ನಗರದಲ್ಲಿ ೧೭೬೮ರಲ್ಲಿ ಆರಂಭವಾದ ಬ್ರಿಟಾನಿಕವು ಮೊದಲು ಮೂರೇ ಸಂಪುಟಗಳಷ್ಟಿದ್ದಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲನೆಯ ಸಂಪುಟವು ೧೯೬೯ರಲ್ಲಿ ಪ್ರಕಟವಾಯಿತು. ಇವೆಲ್ಲವುಗಳಿಗೂ ಕಾಗದ, ಅಚ್ಚು, ಹಣ ಎಂಬ ಮೂರು ಕಟ್ಟುಗಳಿದ್ದುವು. ಸ್ಥಳವು ಸಾಲದೆಂಬ ಕಾರಣವೊಂದೇ ಅನೇಕ ಸಣ್ಣ ವಿಷಯಗಳನ್ನು ಹೊರಗಿಡಲು ಸಾಕಾಗುತ್ತಿದ್ದಿತು. ಬೇರೆ ನಿಯಮವನ್ನು ವಿವರಿಸಬೇಕಾದ ಅಗತ್ಯವು ಸಂಪಾದಕರಿಗೆ ಬೀಳುತ್ತಿರಲಿಲ್ಲ.

೨೦೦೧ನೆಯ ಇಸವಿ ಜನವರಿ ೧೫ರಂದು ಇಂಗ್ಲಿಷಿನಲ್ಲಿ ಆರಂಭವಾದ ವಿಕಿಪೀಡಿಯವು ಈ ಕಟ್ಟುಗಳನ್ನು ಬಿಚ್ಚಿತು. ಇಂಗ್ಲಿಷ್ ಆವೃತ್ತಿಯೊಂದರಲ್ಲಿಯೇ ಲೇಖನಗಳ ಸಂಖ್ಯೆಯು ೬೦ ಲಕ್ಷವನ್ನು ಮೀರಿದೆ. ಕನ್ನಡದ ಆವೃತ್ತಿಯು ೨೦೦೩ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬುದು ಅದರ ಮೂಲಸೂತ್ರ. ಇಲ್ಲಿ ಸ್ಥಳದ ಅಭಾವವಿಲ್ಲ. ಹಾಗಾದರೆ ಒಂದು ಸಣ್ಣ ಪ್ರಾರ್ಥನಾಮಂಡಲಿಯನ್ನು ಹೊರಗಿಡಲು ಕಾರಣವೇನು?

ಕಾರಣವಿದು: ಅಂತರಜಾಲದಲ್ಲಿ ಕೊರತೆಯಾದುದು ಕಾಗದವಲ್ಲ, ಕಾವಲು. ಬರೆದುದನ್ನು ಓದಿ ಪರೀಕ್ಷಿಸುವ ಕಣ್ಣುಗಳು ಮಿತವಾದುವು. ಕೆಲವರಿಗೆ ಮಾತ್ರ ಗೊತ್ತಿರುವ ವಿಷಯದ ಮೇಲಣ ಲೇಖನವನ್ನು ಆ ಕೆಲವರೇ ಬರೆದು ಆ ಕೆಲವರೇ ಓದುವರು. ತಪ್ಪು ನುಸುಳಿದರೆ ತಿದ್ದುವವರು ಇರುವುದಿಲ್ಲ. ೨೦೦೫ರಲ್ಲಿ ಅಮೆರಿಕದ ಪತ್ರಿಕಾಕರ್ತನಾದ ಜಾನ್ ಸೀಗೆಂತಾಲರನ ಜೀವನಲೇಖನದಲ್ಲಿ ಯಾರೋ ಸೇರಿಸಿದ ಘೋರವಾದ ಸುಳ್ಳು ಸುಮಾರು ನಾಲ್ಕು ತಿಂಗಳ ಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿದ್ದಿತು. ಹೆಸರುಳ್ಳ ವ್ಯಕ್ತಿಯ ಗತಿಯೇ ಹೀಗಾದರೆ, ಯಾರೂ ಅರಿಯದ ಮಂಡಲಿಯ ಲೇಖನದ ಗತಿಯನ್ನು ಊಹಿಸಬಹುದು. ಆದಕಾರಣ ಸ್ಥಳವು ಅಪಾರವಾದಷ್ಟೂ ನಿಯಮವು ಅವಶ್ಯವಾಗುತ್ತ ಬಂದಿತು.

೨. ನಿಯಮದ ಸ್ವರೂಪ

ಆ ನಿಯಮಕ್ಕೆ ಕನ್ನಡದಲ್ಲಿ ‘ಗಮನಾರ್ಹತೆ’ ಎಂದು ಹೆಸರಿಡಬಹುದು. ಗುಣವುಳ್ಳದ್ದು, ಉತ್ತಮವಾದದ್ದು, ಉಪಕಾರಿಯಾದದ್ದು ಎಂದು ಇದರ ಅರ್ಥವಲ್ಲ. ಒಂದು ವಿಷಯವನ್ನು ಕುರಿತು, ಅದಕ್ಕೆ ಸಂಬಂಧಪಡದ ನಂಬತಕ್ಕ ಲೇಖಕರು, ಗಣನೀಯವಾದ ಪ್ರಮಾಣದಲ್ಲಿ ಬರೆದಿರುವರೇ ಎಂಬುದಿಷ್ಟೇ ಪ್ರಶ್ನೆ. ಇದರಲ್ಲಿ ಮೂರು ಅಂಗಗಳುಂಟು. ಮೊದಲನೆಯದು ಸ್ವಾತಂತ್ರ್ಯ: ಬರೆದವನು ಆ ಸಂಸ್ಥೆಯ ಸದಸ್ಯನೋ ಸೇವಕನೋ ಪ್ರಚಾರಕನೋ ಆಗಿರಕೂಡದು. ಎರಡನೆಯದು ವಿಶ್ವಾಸಾರ್ಹತೆ: ಬರೆಹವು ಸಂಪಾದಕರ ಪರಿಶೀಲನೆಗೆ ಒಳಪಟ್ಟು ಪ್ರಕಟವಾದುದಾಗಿರಬೇಕು. ಮೂರನೆಯದು ವಿಸ್ತಾರ: ಹೆಸರನ್ನು ಉಲ್ಲೇಖಿಸಿದರೆ ಸಾಲದು, ಲೇಖನವೊಂದನ್ನು ಕಟ್ಟಲು ಬೇಕಾಗುವಷ್ಟು ಸಾಮಗ್ರಿಯು ಅದರಲ್ಲಿರಬೇಕು.

ಕನ್ನಡ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಈ ಮೂರು ಅಂಗಗಳೂ ಪರಿಚಿತವಾದುವೇ. ಅಸಗನ ಕನ್ನಡ ಕಾವ್ಯವು ದೊರೆತಿಲ್ಲ. ಆದರೂ ಅವನು ಕನ್ನಡ ಕವಿಯೆಂದು ಒಪ್ಪಿರುವರು. ಏಕೆಂದರೆ ಬೇರೆಯವರು ಅವನನ್ನು ಸ್ಮರಿಸಿರುವರು. ಪೊನ್ನನು ತಾನು ಅಸಗನಿಗಿಂತ ನೂರುಮಡಿ ಮೇಲೆಂದು ಹೆಮ್ಮೆಪಟ್ಟುಕೊಂಡಿರುವನು. ಪ್ರತಿಸ್ಪರ್ಧಿಯ ಈ ಹೆಮ್ಮೆಯ ಮಾತೇ ಅಸಗನ ಹಿರಿಮೆಗೆ ಒಳ್ಳೆಯ ಸಾಕ್ಷ್ಯವಾಯಿತು. ಅಸಗನ ಶಿಷ್ಯನೊಬ್ಬನು ಬರೆದ ಸ್ತೋತ್ರವು ದೊರೆತಿದ್ದರೆ ಅದಕ್ಕೆ ಇಷ್ಟು ಬೆಲೆಯು ಬರುತ್ತಿರಲಿಲ್ಲ. ಇದು ಸ್ವಾತಂತ್ರ್ಯದ ಮಾತು. ವಿಸ್ತಾರದ ಮಾತಿಗೆ ‘ಕವಿರಾಜಮಾರ್ಗ’ವು ನಿದರ್ಶನ. ಅದರಲ್ಲಿ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರ ಹೆಸರುಗಳಿವೆ. ಸಾಕ್ಷ್ಯವು ಪ್ರಬಲವಾದುದು, ಆದರೆ ಜಯಬಂಧುವಿನ ವಿಷಯದಲ್ಲಿ ಅದರಿಂದ ತಿಳಿಯುವುದು ಹೆಸರೊಂದೇ. ಹೆಸರೊಂದರಿಂದ ಅಧ್ಯಾಯವನ್ನು ಕಟ್ಟಲಾಗದು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು ಬಳಸಿದವರು, ಸಾಮಗ್ರಿಯು ಎಷ್ಟೋ ಬರೆಹವೂ ಅಷ್ಟೇ ಇರಬೇಕೆಂಬ ನೀತಿಯನ್ನು ಅರಿಯದವರಲ್ಲ.

ಸಂಘಸಂಸ್ಥೆಗಳ ವಿಷಯದಲ್ಲಿ ಈ ನಿಯಮವನ್ನು ವಿಕಿಪೀಡಿಯವು ಇನ್ನೂ ಬಿಗಿಗೊಳಿಸಿದೆ. ಪ್ರಸಿದ್ಧನಾದ ವ್ಯಕ್ತಿಯು ಸದಸ್ಯನಾಗಿದ್ದನೆಂಬ ಮಾತ್ರದಿಂದ ಸಂಘವು ಪ್ರಸಿದ್ಧವಾಗದು. ದೊಡ್ಡ ಸಂಸ್ಥೆಯ ಶಾಖೆಯೆಂಬ ಮಾತ್ರದಿಂದ ಶಾಖೆಗೆ ಪ್ರತ್ಯೇಕವಾದ ಸ್ಥಾನವು ಬಾರದು. ಊರಿನೊಳಗಣ ಪತ್ರಿಕೆಗಳಷ್ಟೇ ಬರೆದಿದ್ದರೆ ಸಾಲದು. ಪ್ರಾಂತದಲ್ಲೋ ದೇಶದಲ್ಲೋ ಓದುಗರನ್ನುಳ್ಳ ಒಂದಾದರೂ ಪ್ರಕಟನೆಯು ಅದನ್ನು ಗಮನಿಸಿರಬೇಕು. ಸಂದೇಹ ಬಂದಾಗ ಯಾವ ಸಂಪಾದಕನಾದರೂ ಲೇಖನವನ್ನು ತೆಗೆದುಹಾಕಬೇಕೆಂದು ಸೂಚಿಸಬಹುದು. ಸಾಮಾನ್ಯವಾಗಿ ಏಳು ದಿನಗಳ ಕಾಲ ಬಹಿರಂಗವಾಗಿ ಚರ್ಚೆ ನಡೆಯುವುದು. ಕೊನೆಯಲ್ಲಿ ನಿರ್ವಾಹಕನೊಬ್ಬನು ತೀರ್ಮಾನವನ್ನು ಹೇಳುವನು. ತಲೆಗಳನ್ನು ಎಣಿಸುವುದು ಅವನ ಕೆಲಸವಲ್ಲ, ವಾದಗಳನ್ನು ತೂಗುವುದು. ನೂರು ಮಂದಿ ಸದಸ್ಯರು ಬಂದು ತಮ್ಮ ಮಂಡಲಿಯು ಉತ್ತಮವೆಂದು ಹೇಳಿದರೂ, ಒಂದು ಸ್ವತಂತ್ರವಾದ ಆಧಾರವನ್ನು ತೋರಿಸಿದ ಒಬ್ಬನ ಮಾತಿಗೆ ಅದು ಸರಿಗಟ್ಟದು.

೩. ವಿದ್ಯಾರ್ಥಿಮಂಡಲಿಗಳ ಲಕ್ಷಣ

ಇನ್ನು ವಿದ್ಯಾರ್ಥಿಗಳ ಕ್ರೈಸ್ತ ಮಂಡಲಿಯ ಲಕ್ಷಣವೇನೆಂಬುದನ್ನು ನೋಡಬೇಕು. ಅದು ಸಭೆಯಲ್ಲ, ಅದಕ್ಕೆ ದೀಕ್ಷೆ ಪಡೆದ ಬೋಧಕನು ಇರಲೇಬೇಕೆಂಬುದಿಲ್ಲ. ವಾರಕ್ಕೊಮ್ಮೆ ಸತ್ಯವೇದದ ಅಧ್ಯಯನ, ಪ್ರಾರ್ಥನಾಕೂಟ, ಹಾಡು, ಸಹಪಾಠಿಗಳಿಗೆ ಸುವಾರ್ತೆಯನ್ನು ತಿಳಿಸುವುದು, ಬಡವರಿಗೂ ಸೆರೆಯವರಿಗೂ ನೆರವಾಗುವುದು, ಇವು ಅದರ ಕಾರ್ಯಗಳು. ಮುಖಂಡರು ಮೂರು ನಾಲ್ಕು ವರ್ಷಗಳಿಗೊಮ್ಮೆ ಪದವಿಯನ್ನು ಪಡೆದು ಹೊರಟುಹೋಗುವರು. ಹೀಗೆ ಒಂದು ತಲೆಮಾರು ಎಂಬುದು ಇಲ್ಲಿ ನಾಲ್ಕೇ ವರ್ಷ. ದಾಖಲೆಗಳನ್ನು ಇಡುವ ಪದ್ಧತಿಯು ಅಪರೂಪ. ಹತ್ತು ವರ್ಷಗಳ ಹಿಂದೆ ಮಂಡಲಿಯು ಏನು ಮಾಡಿತೆಂಬುದನ್ನು ಈಗಿನ ಸದಸ್ಯರೇ ಅರಿಯರು.

ಇಂತಹ ಮಂಡಲಿಯನ್ನು ಕುರಿತು ಬರೆಯುವವರು ಯಾರು? ಮೊದಲನೆಯದಾಗಿ ಮಂಡಲಿಯ ಸದಸ್ಯರು, ಇವರು ಸ್ವತಂತ್ರರಲ್ಲ. ಎರಡನೆಯದಾಗಿ ಅದು ಸೇರಿರುವ ದೊಡ್ಡ ಸಂಸ್ಥೆ, ಅದೂ ಸ್ವತಂತ್ರವಲ್ಲ. ಮೂರನೆಯದಾಗಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಪತ್ರಿಕೆ. ಇದು ಮಂಡಲಿಯಿಂದ ಬೇರೆಯಾದುದೇನೋ ನಿಜ. ಆದರೆ ಅದೇ ಆವರಣದಲ್ಲಿ, ಅದೇ ಓದುಗರಿಗಾಗಿ ಬರೆಯುವಂತಹದು. ಆ ಪತ್ರಿಕೆಯು ಚದುರಂಗದ ಕೂಟವನ್ನೂ ನಾಟಕದ ತಂಡವನ್ನೂ ಕುರಿತು ಬರೆಯುವಂತೆಯೇ ಇದನ್ನೂ ಕುರಿತು ಬರೆಯುವುದು. ಘಟನೆಯು ನಡೆಯಿತೆಂಬುದಕ್ಕೆ ಅದು ಸಾಕ್ಷ್ಯವಾದೀತು. ಲೋಕವು ಅದನ್ನು ಗಮನಿಸಿತೆಂಬುದಕ್ಕೆ ಸಾಕ್ಷ್ಯವಾಗಲಾರದು. ಈ ಭೇದವನ್ನು ಮರೆತಾಗಲೇ ಬಹುಪಾಲು ವಿವಾದಗಳು ಹುಟ್ಟುವುವು.

೪. ಚರಿತ್ರೆಯ ನಿದರ್ಶನಗಳು

ವಿದ್ಯಾರ್ಥಿಮಂಡಲಿಯಾದ ಮಾತ್ರಕ್ಕೆ ಅದು ಅಲ್ಪವೆಂದು ಹೇಳುವುದು ತಪ್ಪು. ಕೆಲವು ಮಂಡಲಿಗಳು ಲೋಕಚರಿತ್ರೆಯಲ್ಲಿಯೇ ಸ್ಥಾನವನ್ನು ಪಡೆದಿವೆ. ೧೭೨೯ರಲ್ಲಿ ಆಕ್ಸ್‌ಫರ್ಡಿನಲ್ಲಿ ಚಾರ್ಲ್ಸ್ ವೆಸ್ಲಿಯ ಸುತ್ತ ಕೂಡಿ, ಬಳಿಕ ಅವನ ಅಣ್ಣನಾದ ಜಾನ್ ವೆಸ್ಲಿಯ ಮುಂದಾಳುತನಕ್ಕೆ ಒಳಪಟ್ಟ ಸಣ್ಣ ಕೂಟವನ್ನು ಸಹಪಾಠಿಗಳು ‘ಪವಿತ್ರಕೂಟ’ವೆಂದೂ ‘ಮೆಥಡಿಸ್ಟ’ರೆಂದೂ ಹಾಸ್ಯಮಾಡಿದರು. ೧೭೩೦ರಿಂದ ಅವರು ಸೆರೆಮನೆಗೆ ಹೋಗಿ ಬಂದಿಗಳನ್ನು ಕಾಣತೊಡಗಿದರು. ೧೭೩೨ರಲ್ಲಿ ಅವರಲ್ಲೊಬ್ಬನಾದ ವಿಲಿಯಂ ಮಾರ್ಗನ್ ಎಂಬವನು ತೀರಿಕೊಂಡಾಗ, ಅತಿಯಾದ ಉಪವಾಸವೇ ಅದಕ್ಕೆ ಕಾರಣವೆಂಬ ವದಂತಿಯು ಹಬ್ಬಿತು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ‘ಫಾಗ್ಸ್ ವೀಕ್ಲಿ ಜರ್ನಲ್’ ಎಂಬ ಪತ್ರಿಕೆಯಲ್ಲಿ ಅವರನ್ನು ಖಂಡಿಸಿದ ಪತ್ರವೊಂದು ಪ್ರಕಟವಾಯಿತು. ಆ ಕೂಟವನ್ನು ಹೊರಗಿನ ಲೋಕಕ್ಕೆ ತಿಳಿಸಿದುದು ಮಿತ್ರನ ಹೊಗಳಿಕೆಯಲ್ಲ, ಅಪರಿಚಿತನ ನಿಂದೆ. ಪೊನ್ನನ ಹೆಮ್ಮೆಯಿಂದ ಅಸಗನಿಗೆ ಆದ ಉಪಕಾರವೇ ಈ ನಿಂದೆಯಿಂದ ವೆಸ್ಲಿಯ ಕೂಟಕ್ಕೂ ಆಯಿತು. ಮುಂದೆ ಆ ಹಾಸ್ಯದ ಹೆಸರೇ ಒಂದು ದೊಡ್ಡ ಸಂಪ್ರದಾಯದ ಹೆಸರಾಯಿತು.

ಎರಡನೆಯ ನಿದರ್ಶನವು ಅಮೆರಿಕದ್ದು. ೧೮೦೬ರ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ವಿಲಿಯಮ್ಸ್ ಕಾಲೇಜಿನ ಐವರು ವಿದ್ಯಾರ್ಥಿಗಳು, ಸ್ಯಾಮ್ಯುಯೆಲ್ ಮಿಲ್ಸ್ ಎಂಬವನೂ ಅವರಲ್ಲೊಬ್ಬನಾಗಿ, ಬಯಲಿನಲ್ಲಿ ಪ್ರಾರ್ಥಿಸುತ್ತಿದ್ದಾಗ ಗುಡುಗುಮಳೆ ಬಂದು, ಹುಲ್ಲಿನ ಬಣವೆಯ ಮರೆಯಲ್ಲಿ ನಿಂತು, ದೂರದೇಶಗಳಿಗೆ ಸುವಾರ್ತೆಯನ್ನು ಒಯ್ಯಬೇಕೆಂದು ನಿಶ್ಚಯಿಸಿದರೆಂದು ಹೇಳುವರು. ಅಂದು ಅದನ್ನು ಯಾವ ಪತ್ರಿಕೆಯೂ ಗಮನಿಸಿರಲಾರದು. ಆದರೆ ೧೮೧೦ರಲ್ಲಿ ಅಮೆರಿಕದ ವಿದೇಶ ಮಿಷನ್ ಮಂಡಲಿಯು ಸ್ಥಾಪಿತವಾಯಿತು. ೧೮೧೨ರಲ್ಲಿ ಅದರ ಮೊದಲನೆಯ ಮಿಷನರಿಗಳು ಭಾರತದ ಕಡೆಗೆ ಹಡಗನ್ನೇರಿದರು. ೧೮೧೩ರಲ್ಲಿ ಗೋರ್ಡನ್ ಹಾಲ್ ಮೊದಲಾದವರು ಮುಂಬಯಿಗೆ ಬಂದರು. ಬಣವೆಯ ಸ್ಥಳದಲ್ಲಿ ಸ್ಮಾರಕಶಿಲೆಯು ನಿಂತುದು ೧೮೬೭ರಲ್ಲಿ. ಇಲ್ಲಿ ವ್ಯಕ್ತವಾಗುವುದೇನೆಂದರೆ, ಗಮನಾರ್ಹತೆಯು ಘಟನೆಯೊಡನೆಯೇ ಹುಟ್ಟಬೇಕಾಗಿಲ್ಲ. ಪರಿಣಾಮಗಳ ಬೆನ್ನಿಗೆ ಚರಿತ್ರಕಾರರು ಬಂದಾಗ ಅದು ಹಿಂದಿನ ಕ್ಷಣಕ್ಕೂ ಸಲ್ಲುವುದು. ಆದರೆ ೧೮೦೬ರಲ್ಲಿಯೇ ವಿಶ್ವಕೋಶವೊಂದು ಆ ಐವರನ್ನು ಕುರಿತು ಬರೆದಿದ್ದರೆ ಅದು ಭವಿಷ್ಯವನ್ನು ನುಡಿದಂತಾಗುತ್ತಿದ್ದಿತೇ ಹೊರತು ಚರಿತ್ರೆಯನ್ನು ಬರೆದಂತಾಗುತ್ತಿರಲಿಲ್ಲ.

ಮೂರನೆಯದು, ಎಲ್ಲಕ್ಕಿಂತಲೂ ಬೋಧಪ್ರದವಾದುದು, ಕೇಂಬ್ರಿಡ್ಜಿನ ಅಂತರ್‌ಕಾಲೇಜು ಕ್ರೈಸ್ತ ಸಂಘ. ಇದು ೧೮೭೭ರಲ್ಲಿ ಸ್ಥಾಪಿತವಾಯಿತು. ೧೮೮೨ರಲ್ಲಿ ಅಮೆರಿಕದ ಸುವಾರ್ತಿಕನಾದ ಮೂಡಿಯು ಅಲ್ಲಿಗೆ ಬಂದು ಉಪನ್ಯಾಸಗಳನ್ನು ಮಾಡಿದನು. ೧೮೮೫ರಲ್ಲಿ, ಪ್ರಸಿದ್ಧ ಕ್ರಿಕೆಟ್ ಆಟಗಾರನಾದ ಸಿ. ಟಿ. ಸ್ಟಡ್ ಮೊದಲಾದ ‘ಕೇಂಬ್ರಿಡ್ಜಿನ ಏಳ್ವರು’ ಚೀನಾದೇಶಕ್ಕೆ ಮಿಷನರಿಗಳಾಗಿ ಹೊರಟಾಗ ಇಂಗ್ಲೆಂಡೆಲ್ಲವೂ ಅದನ್ನು ಮಾತನಾಡಿಕೊಂಡಿತು. ೧೯೧೦ರಲ್ಲಿ ಈ ಸಂಘವು ಧರ್ಮತತ್ತ್ವದ ಭಿನ್ನಾಭಿಪ್ರಾಯದಿಂದ ವಿದ್ಯಾರ್ಥಿ ಕ್ರೈಸ್ತ ಚಳವಳಿಯಿಂದ ಬೇರೆಯಾಯಿತು. ಆ ಒಡಕಿನಿಂದ ಇಪ್ಪತ್ತನೆಯ ಶತಮಾನದ ಪ್ರಾಟೆಸ್ಟಂಟ್ ವಿದ್ಯಾರ್ಥಿಸಂಘಗಳು ಎರಡು ಕವಲಾಗಿ ಬೆಳೆದುವು; ೧೯೨೮ರ ಅಂತರ್‌ವಿಶ್ವವಿದ್ಯಾನಿಲಯ ಸಹವಾಸವು ಅವುಗಳಲ್ಲೊಂದರ ಫಲ. ೧೯೫೫ರಲ್ಲಿ ಈ ಸಂಘವು ಬಿಲ್ಲಿ ಗ್ರಹಾಮನನ್ನು ಕೇಂಬ್ರಿಡ್ಜಿಗೆ ಆಹ್ವಾನಿಸಿದಾಗ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಪರ ವಿರೋಧ ಪತ್ರಗಳ ಒಂದು ದೊಡ್ಡ ವಾದವೇ ನಡೆಯಿತು.

ಈ ಸಂಘದ ಮೇಲೆ ಬಂದಿರುವ ಗ್ರಂಥಗಳನ್ನು ತೂಗಿನೋಡಿದರೆ ನಿಯಮದ ಮರ್ಮವು ತಿಳಿಯುವುದು. ಆಲಿವರ್ ಬಾರ್ಕ್ಲೇ ಎಂಬವರು ೧೯೭೭ರಲ್ಲಿ ಈ ಸಂಘದ ಚರಿತ್ರೆಯನ್ನು ಪ್ರಕಟಿಸಿದರು. ಅವರು ಆ ಚಳವಳಿಯ ಪ್ರಧಾನ ಕಾರ್ಯದರ್ಶಿಯಾಗಿದ್ದವರು; ಗ್ರಂಥವೂ ಚಳವಳಿಯ ಮುದ್ರಣಸಂಸ್ಥೆಯಿಂದಲೇ ಬಂದುದು. ಸಂಗತಿಗಳಿಗೆ ಅದು ಗಣಿ. ಆದರೆ ಗಮನಾರ್ಹತೆಗೆ ಪ್ರಮಾಣವಲ್ಲ. ಜಾನ್ ಪೊಲಾಕರು ೧೯೫೩ರಲ್ಲಿ ಬರೆದ ‘ಎ ಕೇಂಬ್ರಿಡ್ಜ್ ಮೂವ್‌ಮೆಂಟ್’ ಎಂಬ ಗ್ರಂಥವು ಸಹಾನುಭೂತಿಯುಳ್ಳವರದೇ ಆದರೂ, ಜಾನ್ ಮರೆ ಎಂಬ ಸಾಮಾನ್ಯ ಪ್ರಕಾಶನದಿಂದ ಬಂದಿತು. ಆದ್ದರಿಂದ ಅದರ ತೂಕವು ಹೆಚ್ಚು. ೨೦೦೩ರಲ್ಲಿ ಡೇವಿಡ್ ಗುಡ್‌ಹ್ಯೂ ಅವರು ಸಭಾಚರಿತ್ರೆಯ ವಿದ್ವತ್ಪತ್ರಿಕೆಯೊಂದರಲ್ಲಿ ೧೯೧೦ರಿಂದ ೧೯೭೧ರ ವರೆಗಿನ ಅದರ ಬೆಳವಣಿಗೆಯನ್ನು ವಿಮರ್ಶಿಸಿದರು. ಇದು ವಿದ್ವಾಂಸರ ಪರೀಕ್ಷೆಗೆ ಒಳಪಟ್ಟ ಬರೆಹವಾದುದರಿಂದ ಮೂರರಲ್ಲಿ ಅತ್ಯಂತ ಪ್ರಬಲವಾದುದು. ಸಂಘವು ಒಂದೇ ವಿಶ್ವವಿದ್ಯಾನಿಲಯದ್ದು, ವಿದ್ಯಾರ್ಥಿಗಳಿಂದಲೇ ನಡೆಯುವಂತಹದು. ಆದರೂ ಅದರ ಸ್ಥಾನವು ನಿಸ್ಸಂಶಯವಾದುದು. ಹೀಗೆ, ಸಂಸ್ಥೆಯ ಗಾತ್ರವಾಗಲಿ ಮುಖಂಡರ ವಯಸ್ಸಾಗಲಿ ಇಲ್ಲಿ ಪ್ರಶ್ನೆಯೇ ಅಲ್ಲವೆಂಬುದು ಸಿದ್ಧವಾಯಿತು.

ನಾಲ್ಕನೆಯ ನಿದರ್ಶನವು ಸೂಕ್ಷ್ಮವಾದುದು. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾನಿಲಯದ ಕಾನ್ಸಾಸ್ ಸಿಟಿ ವಿಭಾಗದಲ್ಲಿ ‘ಕಾರ್ನರ್‌ಸ್ಟೋನ್’ ಎಂಬ ಕ್ರೈಸ್ತ ವಿದ್ಯಾರ್ಥಿಮಂಡಲಿಯಿದ್ದಿತು. ಕೆಲವು ವರ್ಷಗಳ ಕಾಲ ವಿಶ್ವವಿದ್ಯಾನಿಲಯದ ಕೊಠಡಿಗಳಲ್ಲಿ ಕೂಡುತ್ತಿದ್ದ ಅದಕ್ಕೆ ೧೯೭೭ರಲ್ಲಿ ಅನುಮತಿಯು ನಿಂತುಹೋಯಿತು. ಧರ್ಮೋಪಾಸನೆಗೂ ಧರ್ಮಬೋಧೆಗೂ ಸರಕಾರದ ಕಟ್ಟಡಗಳನ್ನು ಕೊಡಕೂಡದೆಂಬುದು ಅಲ್ಲಿಯ ನಿಯಮ. ಸದಸ್ಯರು ನ್ಯಾಯಾಲಯಕ್ಕೆ ಹೋದರು. ವಿಡ್‌ಮರ್ ವಿರುದ್ಧ ವಿನ್ಸೆಂಟ್ ಎಂಬ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೧ರಲ್ಲಿ, ಎಂಟು ಮಂದಿ ನ್ಯಾಯಾಧೀಶರ ಅಭಿಪ್ರಾಯಕ್ಕೆ ಒಬ್ಬರು ಮಾತ್ರ ವಿರೋಧಿಸಿದ ತೀರ್ಪಿನಲ್ಲಿ, ಎಲ್ಲ ಸಂಘಗಳಿಗೂ ತೆರೆದಿಟ್ಟ ಸ್ಥಳವನ್ನು ಧಾರ್ಮಿಕ ಭಾಷಣವೆಂಬ ಕಾರಣಕ್ಕಾಗಿ ಒಂದು ಸಂಘಕ್ಕೆ ನಿರಾಕರಿಸಕೂಡದೆಂದು ಹೇಳಿತು. ೧೯೯೫ರಲ್ಲಿ ವರ್ಜೀನಿಯ ವಿಶ್ವವಿದ್ಯಾನಿಲಯದ ಕ್ರೈಸ್ತ ವಿದ್ಯಾರ್ಥಿಪತ್ರಿಕೆಯೊಂದಕ್ಕೆ ಮುದ್ರಣದ ವೆಚ್ಚವನ್ನು ನಿರಾಕರಿಸಿದ ಸಂಬಂಧದಲ್ಲಿಯೂ ಅದೇ ನ್ಯಾಯಾಲಯವು ಐವರಿಗೆ ನಾಲ್ವರ ಬಹುಮತದಿಂದ ವಿದ್ಯಾರ್ಥಿಗಳ ಪರವಾಗಿ ತೀರ್ಪಿತ್ತಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಾನೂನು ಪಂಡಿತರು ಪುಟಗಟ್ಟಲೆ ಬರೆದಿರುವುದು ಆ ತೀರ್ಪುಗಳನ್ನು ಕುರಿತು. ಆ ಮಂಡಲಿಗಳ ಹುಟ್ಟು ಬೆಳವಣಿಗೆಗಳನ್ನು ಕುರಿತಲ್ಲ. ವ್ಯಾಜ್ಯವನ್ನು ತೆಗೆದರೆ ಮಂಡಲಿಯ ವಿಷಯದಲ್ಲಿ ಹೇಳಲು ಉಳಿಯುವುದು ಅಲ್ಪವೇ. ಆದಕಾರಣ ಇಂತಹ ಸಂದರ್ಭದಲ್ಲಿ ಲೇಖನವು ವ್ಯಾಜ್ಯಕ್ಕೆ ಸಲ್ಲತಕ್ಕದ್ದು. ಮಂಡಲಿಯ ಹೆಸರು ಅದರೊಳಗೆ ಬರತಕ್ಕದ್ದು. ಶಾಸನದಲ್ಲಿ ಸಾಕ್ಷಿಯಾಗಿ ಬರುವ ಗ್ರಾಮಣಿಯ ಹೆಸರಿನಿಂದ ಶಾಸನದ ಕಾಲವು ನಿರ್ಣಯವಾಗಬಹುದು. ಆದರೂ ಆ ಗ್ರಾಮಣಿಯ ಜೀವನಚರಿತ್ರೆಯನ್ನು ಬರೆಯಲು ಸಾಧ್ಯವಾಗದಷ್ಟೆ.

೫. ಸಾಮಾನ್ಯವಾದ ಮಂಡಲಿ

ಇಷ್ಟು ಹೇಳಿದ ಬಳಿಕ ಸಾಮಾನ್ಯವಾದ ಮಂಡಲಿಯೊಂದನ್ನು ಮನಸ್ಸಿಗೆ ತಂದುಕೊಳ್ಳಬಹುದು. ಇಪ್ಪತ್ತು ವರ್ಷಗಳ ಹಿಂದೆ ಕೆಲವರು ಸ್ನೇಹಿತರು ಅದನ್ನು ಆರಂಭಿಸಿದರು. ವಾರಕ್ಕೊಮ್ಮೆ ನೂರು ಮಂದಿ ಕೂಡುವರು. ಅದಕ್ಕೆ ತನ್ನದೇ ಜಾಲತಾಣವುಂಟು. ವಿದ್ಯಾರ್ಥಿಪತ್ರಿಕೆಯಲ್ಲಿ ನಾಲ್ಕಾರು ಸಲ ಸುದ್ದಿಯು ಬಂದಿದೆ. ಊರಿನ ದಿನಪತ್ರಿಕೆಯು ಕ್ರಿಸ್ಮಸ್ ಕಾಲದ ಅನ್ನದಾನವನ್ನು ಒಂದು ಪಂಕ್ತಿಯಲ್ಲಿ ಹೇಳಿದೆ. ಒಬ್ಬ ಸದಸ್ಯನು ಪ್ರೀತಿಯಿಂದ ಅದರ ಮೇಲೆ ಲೇಖನವನ್ನು ಬರೆಯುವನು. ಉದ್ದೇಶ, ನಂಬಿಕೆಯ ಪ್ರಮಾಣವಾಕ್ಯ, ಕೂಟಗಳ ವೇಳೆ, ಮುಖಂಡರ ಹೆಸರುಗಳು, ಇವೆಲ್ಲವೂ ಅದರಲ್ಲಿರುವುವು.

ಈ ಲೇಖನದಲ್ಲಿ ಸುಳ್ಳು ಒಂದೂ ಇಲ್ಲದಿರಬಹುದು. ಆದರೂ ಇದು ವಿಶ್ವಕೋಶದ ಲೇಖನವಾಗಲಾರದು. ಏಕೆಂದರೆ ಇದರಲ್ಲಿರುವುದೆಲ್ಲ ಮಂಡಲಿಯು ತನ್ನನ್ನು ಕುರಿತು ತಾನೇ ಹೇಳಿಕೊಂಡದ್ದು. ಅದರ ದೋಷವನ್ನು ಹೇಳಿದವರಿಲ್ಲ. ಅದರಿಂದಾದ ಫಲವನ್ನು ಅಳೆದವರಿಲ್ಲ. ಅದನ್ನು ಇತರ ಮಂಡಲಿಗಳೊಡನೆ ಹೋಲಿಸಿದವರಿಲ್ಲ. ಸಂಪಾದಕನು ಎಷ್ಟು ನಿಷ್ಪಕ್ಷಪಾತಿಯಾದರೂ, ಸಾಮಗ್ರಿಯು ಏಕಪಕ್ಷದ್ದಾದಾಗ ಬರೆಹವೂ ಏಕಪಕ್ಷದ್ದೇ ಆಗುವುದು. ಮುಖಂಡರು ಹೊರಟುಹೋಗಿ ಮಂಡಲಿಯು ಬದಲಾದಾಗ ಅಥವಾ ನಿಂತುಹೋದಾಗ, ಅದನ್ನು ತಿಳಿಸುವ ಆಧಾರವೂ ಇರುವುದಿಲ್ಲ. ಇಲ್ಲದ ಮಂಡಲಿಯು ಕೋಶದಲ್ಲಿ ಮಾತ್ರ ನಡೆಯುತ್ತಲೇ ಇರುವುದು. ಇದು ಓದುಗನಿಗೆ ಮಾಡುವ ವಂಚನೆಯಲ್ಲದೆ ಬೇರೆಯಲ್ಲ.

೬. ಆಕ್ಷೇಪಗಳು

ಇದರ ಮೇಲೆ ಕೆಲವು ಆಕ್ಷೇಪಗಳು ಬರುವುವು. ಮೊದಲನೆಯದು, ಇದು ಧರ್ಮದ್ವೇಷವೆಂಬುದು. ನಾಟಕದ ತಂಡಕ್ಕೂ ಸಸ್ಯಾಹಾರಿಗಳ ಸಂಘಕ್ಕೂ ಇದೇ ನಿಯಮವೇ ಅನ್ವಯಿಸುವುದರಿಂದ ಈ ಆಕ್ಷೇಪವು ನಿಲ್ಲದು. ಇಲ್ಲಿ ನಿರಾಕರಿಸುವುದು ಶ್ರದ್ಧೆಯ ಬೆಲೆಯನ್ನಲ್ಲ. ಹತ್ತು ಮಂದಿಯ ಪ್ರಾರ್ಥನೆಯು ದೇವರ ಸನ್ನಿಧಿಯಲ್ಲಿ ಎಷ್ಟು ದೊಡ್ಡದೆಂಬುದನ್ನು ಕೋಶವು ಅಳೆಯಲಾರದು, ಅಳೆಯಲೂ ಕೂಡದು. ಕೋಶವು ಅಳೆಯುವುದು ಲೋಕದ ಲಿಖಿತ ಸಾಕ್ಷ್ಯವನ್ನು ಮಾತ್ರ. ಗುಟ್ಟಾಗಿ ಪ್ರಾರ್ಥಿಸಬೇಕೆಂಬ ಉಪದೇಶವುಳ್ಳ ಧರ್ಮಕ್ಕೆ ಕೋಶದಲ್ಲಿ ಸ್ಥಾನವಿಲ್ಲದಿರುವುದು ಅವಮಾನವೆಂದು ತೋರಬೇಕಾಗಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಭಾರವಾದುದು. ಸಾಕ್ಷ್ಯವು ದೊರೆಯುವುದು ಪತ್ರಿಕೆಗಳೂ ವಿದ್ವತ್‌ಪೀಠಗಳೂ ಹೇರಳವಾಗಿರುವ ದೇಶಗಳಲ್ಲಿ. ಕೇಂಬ್ರಿಡ್ಜಿನ ಸಂಘಕ್ಕೆ ಚರಿತ್ರಕಾರರು ದೊರೆತರು. ಅಷ್ಟೇ ಕೆಲಸ ಮಾಡಿದ ಭಾರತದ ಅಥವಾ ಆಫ್ರಿಕದ ಮಂಡಲಿಗೆ ದೊರೆಯದಿರಬಹುದು. ೧೯೧೨ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೇಂದ್ರಕಾರ್ಯಾಲಯವನ್ನು ಹೊಂದಿರುವ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಯಂತಹ ಅಖಿಲಭಾರತ ಸಂಸ್ಥೆಗೆ ಈ ತೊಂದರೆಯು ಅಷ್ಟಾಗಿ ತಟ್ಟದು. ಆದರೆ ಕಾಲೇಜುಗಳಲ್ಲಿರುವ ಅದರ ಘಟಕಗಳಿಗೆ ತಟ್ಟುವುದು. ನಿಯಮವು ಲೋಕದ ಅಸಮತೆಯನ್ನು ಹುಟ್ಟಿಸಿದುದಲ್ಲ. ಆದರೆ ಅದನ್ನು ಪ್ರತಿಬಿಂಬಿಸುವುದೆಂಬುದನ್ನು ಒಪ್ಪಲೇಬೇಕು.

ಪ್ರತಿಬಿಂಬವು ಕೆಲವೊಮ್ಮೆ ವಿಕಾರವಾಗಿಯೂ ಇರುವುದು. ಕೆನಡಾದ ಭೌತಶಾಸ್ತ್ರಜ್ಞೆ ಡಾನಾ ಸ್ಟ್ರಿಕ್ಲೆಂಡ್ ಅವರಿಗೆ ೨೦೧೮ರ ಅಕ್ಟೋಬರ್ ೨ರಂದು ನೊಬೆಲ್ ಪಾರಿತೋಷಕವು ಘೋಷಿತವಾದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಮೇಲೆ ಲೇಖನವೇ ಇರಲಿಲ್ಲ. ಅದೇ ವರ್ಷ ಸಲ್ಲಿಸಿದ್ದ ಕರಡೊಂದು ಸ್ವತಂತ್ರವಾದ ಆಧಾರಗಳು ಸಾಲವೆಂದು ತಿರಸ್ಕೃತವಾಗಿದ್ದಿತು. ನಿಯಮವನ್ನು ಯಂತ್ರದಂತೆ ಅನ್ವಯಿಸಿದರೆ ಆಗುವ ಪ್ರಮಾದಕ್ಕೆ ಇದು ನಿದರ್ಶನ. ಆದರೆ ಇದರಿಂದ ನಿಯಮವನ್ನೇ ಬಿಡಬೇಕೆಂಬ ತೀರ್ಮಾನವು ಬಾರದು. ಆಧಾರಗಳನ್ನು ಹುಡುಕದೆಯೇ ಇಲ್ಲವೆಂದು ಹೇಳಕೂಡದೆಂಬ ತೀರ್ಮಾನವು ಬರುವುದು. ಹುಡುಕುವ ಹೊರೆಯು ಬರೆದವನ ಮೇಲಿರುವಂತೆಯೇ ಅಳಿಸಬೇಕೆನ್ನುವವನ ಮೇಲೆಯೂ ಇರತಕ್ಕದ್ದು. ಇಂಗ್ಲಿಷಿನ ಜಾಲಗಳಲ್ಲಿ ಕಾಣದ ಸಾಕ್ಷ್ಯವು ಕನ್ನಡದ ಹಳೆಯ ಪತ್ರಿಕೆಯ ಕಡತದಲ್ಲಿ ದೊರೆಯಬಹುದು.

೭. ಉಪಸಂಹಾರ

ಸೇರಿಸುವುದು ಮತ್ತು ಬಿಡುವುದು ಎಂಬ ಎರಡೇ ದಾರಿಗಳೆಂದು ತಿಳಿಯಕೂಡದು. ಮಂಡಲಿಯ ವಿಷಯವನ್ನು ಅದರ ವಿಶ್ವವಿದ್ಯಾನಿಲಯದ ಲೇಖನದಲ್ಲಿ ಎರಡು ವಾಕ್ಯಗಳಾಗಿಯೋ, ಅದು ಸೇರಿರುವ ದೊಡ್ಡ ಸಂಸ್ಥೆಯ ಲೇಖನದಲ್ಲಿ ಒಂದು ಭಾಗವಾಗಿಯೋ ವಿಲೀನಗೊಳಿಸಬಹುದು. ಕವಿಚರಿತೆಯಲ್ಲಿ ಒಂದು ಪಂಕ್ತಿಯನ್ನು ಪಡೆದ ಕವಿಯು ಕಳೆದುಹೋದವನಲ್ಲ. ಮುಂದೆ ಅವನ ಕೃತಿಯು ದೊರೆತರೆ ಆ ಪಂಕ್ತಿಯೇ ಅಧ್ಯಾಯವಾಗುವುದು. ಅದರಂತೆಯೇ ಇಂದು ವಿಲೀನವಾದ ಮಂಡಲಿಯು, ನಾಳೆ ಚರಿತ್ರಕಾರನೊಬ್ಬನು ಅದನ್ನು ಅಭ್ಯಸಿಸಿದರೆ, ಪ್ರತ್ಯೇಕವಾದ ಲೇಖನವಾಗಬಹುದು. ಅಳಿಸುವ ತೀರ್ಪು ಶಾಶ್ವತವಾದ ಶಿಕ್ಷೆಯಲ್ಲ.

ಇದರೊಡನೆ ಮಂಡಲಿಗಳು ಮಾಡಬಹುದಾದ ಇನ್ನೊಂದು ಕೆಲಸವುಂಟು. ಅವುಗಳ ಸದಸ್ಯರಿಗೆ ತಮ್ಮ ಚರಿತ್ರೆಯು ಉಳಿಯಬೇಕೆಂಬ ಆಸೆಯಿದ್ದರೆ, ಅವರು ಮೊದಲು ಹೋಗತಕ್ಕ ಸ್ಥಳವು ವಿಶ್ವಕೋಶವಲ್ಲ, ಗ್ರಂಥಭಂಡಾರ. ಸಭೆಗಳ ನಡವಳಿಕೆ, ಪತ್ರಗಳು, ಲೆಕ್ಕದ ಪುಸ್ತಕಗಳು, ಭಾವಚಿತ್ರಗಳು, ಇವುಗಳನ್ನು ವಿಶ್ವವಿದ್ಯಾನಿಲಯದ ದಾಖಲೆಶಾಲೆಗೆ ಒಪ್ಪಿಸಿದರೆ ಮುಂದಿನ ಸಂಶೋಧಕನಿಗೆ ಸಾಮಗ್ರಿಯು ದೊರೆಯುವುದು. ಅವನು ಬರೆದ ಬಳಿಕ ಕೋಶವು ತಾನಾಗಿಯೇ ಬಾಗಿಲನ್ನು ತೆರೆಯುವುದು. ಮೂಲಸಾಮಗ್ರಿ, ಸಂಶೋಧನೆ, ಕೋಶ ಎಂಬ ಈ ಕ್ರಮವನ್ನು ತಲೆಕೆಳಗು ಮಾಡಿ ಕೋಶದಿಂದಲೇ ಆರಂಭಿಸಿದರೆ ಮೂರೂ ಕೆಡುವುವು.

ಅಂತೂ ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಹೀಗೆ ಸಿದ್ಧವಾಗುವುದು. ವಿದ್ಯಾರ್ಥಿಗಳು ನಡೆ
ಸುವುದೆಂಬ ಕಾರಣದಿಂದ ಯಾವ ಮಂಡಲಿಯೂ ಅನರ್ಹವಲ್ಲ. ಕ್ರೈಸ್ತಸೇವೆಯೆಂಬ ಕಾರಣದಿಂದ ಯಾವುದೂ ಅರ್ಹವಲ್ಲ, ಅನರ್ಹವೂ ಅಲ್ಲ. ತನ್ನ ಆವರಣದ ಹೊರಗೆ, ತನಗೆ ಸಂಬಂಧಪಡದವರಿಂದ, ಹೊಗಳಿಕೆಯೋ ತೆಗಳಿಕೆಯೋ ವಿಮರ್ಶೆಯೋ, ವಿಸ್ತಾರವಾದ ಬರೆಹವನ್ನು ಪಡೆದ ಮಂಡಲಿಯು ಸ್ಥಾನಕ್ಕೆ ಅರ್ಹವಾದುದು. ಪಡೆಯದುದು ದೊಡ್ಡ ಲೇಖನವೊಂದರ ಆಶ್ರಯದಲ್ಲಿ ತನ್ನ ಪಂಕ್ತಿಯನ್ನು ಪಡೆದು ಕಾಲವನ್ನು ಎದುರುನೋಡತಕ್ಕದ್ದು. ಬಣವೆಯ ಮರೆಯಲ್ಲಿ ನಿಂತ ಐವರಿಗೆ ಸ್ಮಾರಕಶಿಲೆಯು ದೊರೆಯಲು ಅರುವತ್ತೊಂದು ವರ್ಷಗಳು ಹಿಡಿದುವು. ಅವರು ಅಂದು ಕೂಡಿದುದು ಶಿಲೆಗಾಗಿ ಅಲ್ಲ.